ಕಂಬಳಿಯ ಮೇಲಿನ ಕರಾರು

ಮುಧೋಳದ ಮದುವೆ ಮುಗಿಸಿ ಬಂದ ಸಿದ್ದಕ್ಕ ಕೈಕಾಲು ತೊಳೆದು ಊಟಕ್ಕೆ ಕೂತಳು. ಎರಡು ತುತ್ತು ನುಂಗಿ, ನೀರು ಕುಡಿದು, ಯಾರ ಮುಖವನ್ನೂ ನೋಡದೆ ಹೇಳಿದಳು:

"ರಬಕವಿ ರಾಚಪ್ಪ ಸಾವ್ಕಾರ ಹೊಸಾ ಮಂಗಲ ಕಾರ್ಯಾಲಯ ಕಟ್ಟಸ್ಯಾರ. ಅಲ್ಲಿ ಲಗ್ನದ ಉಸ್ತುವಾರಿಗೆ ನನ್ನ ಕರದಾರ. ತಿಂಗಳಾ ಪಗಾರ ಕೊಡ್ತಾರಂತ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಲಗಮವ್ವನ ಕೈ ನಿಂತಿತು. ಹಿರಿಸೊಸೆ ಆಡಿದ ಮಾತಿಗಿಂತ ಆಡಿದ ಹೊತ್ತಿಗೆ ಅವಳಿಗೆ ಸಿಟ್ಟು ಬಂತು. ಕಿರಿಯ ಮಗ ಪಾಂಡಪ್ಪ ಎದುರಿಗೆ ಉಣ್ಣುತ್ತಿದ್ದಾನೆ, ಮಕ್ಕಳು ಉಣ್ಣುತ್ತಿವೆ. ಮನೆ ಮುರಿಯುವ ಮಾತಿಗೆ ಇದೇ ಹೊತ್ತು ಬೇಕಿತ್ತೆ?

"ನೀವೇನಂದ್ರಿ ವೈನಿ?" ಪಾಂಡಪ್ಪ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೇಳಿದ.

"ವಿಚಾರ ಮಾಡ್ತೇನಿ ಅಂದೆ."

"ಮನಿ ಬಿಟ್ಟು ಮಂದಿ ಬಾಗಲಾ ಕಾಯಾಕ ವಿಚಾರ ಬ್ಯಾರೆ ಮಾಡ್ತೀರಿ?"

"ಮನ್ಯಾಗ ನನಗೇನೈತಿ? ಮಗಳ ಕಾಲೇಜಿಗೆ ಪುಸ್ತಕ ತರಬೇಕಂದ್ರ ನಿನ್ನ ಹೇಂತಿ ಮಾರಿ ನೋಡಬೇಕು. ಕುಬಸಾ ಹೊಲಸಬೇಕಂದ್ರ ಕೈ ಒಡ್ಡಬೇಕು. ನೀನ ಪಗಾರ ಹಚ್ಚು, ಇಲ್ಲೇ ಬಿದ್ದಿರ್ತೇನಿ."

ಪಾಂಡಪ್ಪನ ಹೆಂಡತಿ ಕರೆವ್ವ ನೀರಿನ ತಂಬಿಗೆಯನ್ನು ಕುಕ್ಕಿ ಇಟ್ಟಳು. "ನನ್ನ ಮಾರಿ ಏನ ಮಾಡೇತಿ ಅಕ್ಕಾ ನಿನಗ? ಉಂಡದ್ದರ ನೆನಪಿಟಗೊಂಡು ಮಾತಾಡು."

"ಉಂಡೇನಿ. ಊರ ಮಂದಿಗೆ ಉಣಿಸಿ ಬಂದು ಉಂಡೇನಿ. ನಿನ್ನಂಗ ಕುಂತು ಉಂಡಿಲ್ಲ."

"ಸಾಕ ಮಾಡ್ರಿ!" ಪಾಂಡಪ್ಪ ತಾಟು ನೂಕಿ ಎದ್ದ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು. ಅದನ್ನು ಯಾರು ಉಣ್ಣಬೇಕು? ಲಗಮವ್ವನೇ ಉಂಡಳು.

ಬನಹಟ್ಟಿಯಲ್ಲಿ ಆ ಮನೆಗೆ ಮಂಟಪದವರ ಮನೆ ಎಂದೇ ಹೆಸರು. ಕುರಿ ಕಾಯುತ್ತಿದ್ದ ಹೊಳೆಪ್ಪ ಒಂದಿಷ್ಟು ಬೊಂಬು, ಒಂದಿಷ್ಟು ತಾಡಪತ್ರಿ ಕೊಂಡು ಮದುವೆಗಳಿಗೆ ಮಂಟಪ ಹಾಕತೊಡಗಿದ್ದ. ಹೆಂಡತಿ ಲಗಮವ್ವ ದೊಡ್ಡ ಹಂಡೆಗಳಲ್ಲಿ ಹುಗ್ಗಿ ತಿರುವಿದ್ದಳು. ಊರಲ್ಲಿ ಪವರಲೂಮು ಹೆಚ್ಚಿ ನೂಲಿನ ವ್ಯಾಪಾರಿಗಳ ಕೈಯಲ್ಲಿ ರೊಕ್ಕ ಆಡತೊಡಗಿದ ಮೇಲೆ ಮದುವೆಗಳೂ ಉಬ್ಬಿದವು. ಮಂಟಪ, ಅಡುಗೆ, ಬ್ಯಾಂಡು, ಬೀಗರನ್ನು ಕರೆತರುವ ಗಾಡಿ, ಎಲ್ಲ ಒಂದೇ ಕೈಯಲ್ಲಿ ಆಗಬೇಕು ಎನ್ನುವ ಮಂದಿ ಬಂದರು. ಆ ಕೈ ಸಿದ್ದಕ್ಕನದಾಯಿತು. ಹಿರಿಯ ಮಗ ಹುಲೆಪ್ಪ ಬೀಳಗಿಯ ಒಂದು ಮದುವೆಯಲ್ಲಿ ಕಂಬ ನೆಡುವಾಗ ಕರೆಂಟು ಹೊಡೆದು ಸತ್ತಿದ್ದ. ಅವನ ಹೆಂಡತಿ ಮೂಲೆ ಹಿಡಿದು ಕೂರಲಿಲ್ಲ. ಯಾವ ಬೀಗರನ್ನು ಯಾರ ಪಕ್ಕ ಕೂರಿಸಬಾರದು, ಯಾವ ಮುದುಕನನ್ನು ಮೊದಲು ಮಾತಾಡಿಸಬೇಕು ಎಂದು ನೋಡಿಕೊಂಡು ಮದುವೆ ದಾಟಿಸುತ್ತಿದ್ದಳು. ಬಾಯಿ ಮಾತ್ರ ಬಲು ಹರಿತ. ಒಮ್ಮೆ ಮದುಮಗಳ ಸೋದರಮಾವನನ್ನು ತುಂಬಿದ ಪಂಕ್ತಿಯಲ್ಲಿ ಅಳಿಸಿ ಬಂದಿದ್ದಳು. ಅವಳನ್ನು ಕಂಡರೆ ಯಾರಿಗೂ ಅಕ್ಕರೆ ಇರಲಿಲ್ಲ, ಆದರೆ ಅವಳಿಲ್ಲದೆ ಯಾರಿಗೂ ನಡೆಯುತ್ತಿರಲಿಲ್ಲ.

ಕೆಲಸ ಒಪ್ಪಿಕೊಳ್ಳುವ ರೀತಿ ಹೊಳೆಪ್ಪನ ಕಾಲದ್ದೇ ಉಳಿದಿತ್ತು. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ, ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಇಟ್ಟು, ಬಂದವರಿಂದ ಎಲೆ ಅಡಿಕೆ ಹಿಡಿಯಬೇಕು. ವೀಳ್ಯ ಹಿಡಿದ ಮೇಲೆ ಮುಗಿಯಿತು; ಮಳೆ ಬರಲಿ, ಸಾವು ಬರಲಿ, ಆ ಕೆಲಸ ಮಾಡಿಕೊಡಲೇಬೇಕು. ಹಿಡಿಯುವ ಕೈ ಪಾಂಡಪ್ಪನದು. ಗಂಡ ಸತ್ತವಳ ಕೈಗೆ ಮದುವೆಯ ವೀಳ್ಯ ಯಾರು ಕೊಡುತ್ತಾರೆ? ಸಿದ್ದಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಮರುದಿನದಿಂದ ದುಡಿಯುತ್ತಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಮನೆಯವರು ಮನೆಯವರಿಗೆ ವೀಳ್ಯ ಕೊಡುವಂತಿಲ್ಲ. ಕೊಟ್ಟರೆ ಒಲೆ ಬೇರೆಯಾದಂತೆ, ಪಾಲು ಹಂಚಬೇಕು. ಪಾಂಡಪ್ಪನ ಮದುವೆಯಲ್ಲಿ ಹುಲೆಪ್ಪ ಹುಡುಗಾಟಕ್ಕೆ ತಾಯಿಯ ಮುಂದೆ ಎಲೆ ಚಾಚಿ, "ತಮ್ಮನ ಲಗ್ನದ ಹುಗ್ಗಿ ಹಿಡೀ ಬೇ" ಎಂದಿದ್ದ. ಹೊಳೆಪ್ಪ ದುಡುದುಡು ಬಂದು ಅವನ ಕೈಗೆ ಹೊಡೆದು ಎಲೆ ಕೆಡವಿದ್ದ. ಮದುಮಗ ಪಾಂಡಪ್ಪ ಆಗ ಹಿತ್ತಲಲ್ಲಿ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದ. ಅವನಿಗೆ ಅದು ಗೊತ್ತಾಗಲೇ ಇಲ್ಲ. ಲಗಮವ್ವ ಮರೆಯಲಿಲ್ಲ.

ಲಗಮವ್ವನಿಗೆ ಬೇಕಾದದ್ದು ಒಂದೇ ಒಂದು: ತಾನು ಕಣ್ಣು ಮುಚ್ಚುವವರೆಗೆ ಈ ಮನೆಯಲ್ಲಿ ಒಂದೇ ಒಲೆ ಉರಿಯಬೇಕು. ಆದರೆ ಮರುದಿನ ಬೆಳಗಿನ ಚಹಾದ ಹೊತ್ತಿಗೇ ಪಾಂಡಪ್ಪ ಅದಕ್ಕೆ ನೀರು ಹೊಯ್ದ.

"ಪಗಾರ ಬೇಕಲಾ? ಕೊಡ್ತೇನಿ. ಆದ್ರ ವಕೀಲನ ಕಡೆ ಕರಾರು ಮಾಡಸ್ತೇನಿ. ನನ್ನ ಪಗಾರ ಉಂಡು ನಾಳೆ ರಾಚಪ್ಪನ ಮನಿಗೆ ಓಡಿ ಹೋದ್ರ ನಾ ಏನ ಮಾಡ್ಲಿ?"

"ಮಾಡಸು. ನನಗೂ ಕಾಗದ ಬೇಕು. ಬಾಯಿ ಮಾತಿನ ಮ್ಯಾಲ ಭಾಳ ವರ್ಷ ಬದುಕಿದೆ."

"ಮನ್ಯಾಗಿನ ಮಾತು ವಕೀಲನ ಮುಂದ ಒಯ್ತೀರೇನ?" ಲಗಮವ್ವ ನಡುವೆ ಬಂದಳು. "ನಿಮ್ಮಪ್ಪ ಇದ್ದಿದ್ರ..."

"ಅಪ್ಪ ಇಲ್ಲ. ಲೈಸನ್ಸ ನಿನ್ನ ಹೆಸರಿಲೆ ಐತಂತ ನೀನೂ ನಡಿ ಜಮಖಂಡಿಗೆ."

ಶಿದ್ರಾಮಪ್ಪ ವಕೀಲರ ಕೋಣೆ ಜಮಖಂಡಿಯ ಒಂದು ಸಂದಿಯಲ್ಲಿ, ಮಾಳಿಗೆಯ ಮೇಲೆ. ಲಗಮವ್ವ ಮೆಟ್ಟಿಲೇರಿ ಏದುಸಿರು ಬಿಡುತ್ತ ಬಾಗಿಲ ಬದಿಗೆ ನೆಲದ ಮೇಲೆ ಕೂತಳು. ವಕೀಲರು ಕುರ್ಚಿ ತೋರಿಸಿದರು. "ಮ್ಯಾಲ ಕುಂಡ್ರಬೇ. ಮಾಲಕಿ ನೀನು, ಇವನಲ್ಲ."

ಪಾಂಡಪ್ಪನ ಮುಖ ಹುಳ್ಳಗಾಯಿತು. ಲಗಮವ್ವ ಒಳಗೊಳಗೇ ಹಿಗ್ಗಿದಳು, ಸುಳ್ಳೇಕೆ ಹೇಳಬೇಕು. ಇಷ್ಟು ವರ್ಷ ಮಾಲಕಿಯಾಗಿದ್ದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಕೆಲಸ ಏನು?" ವಕೀಲರು ಕೇಳಿದರು.

"ಎಲ್ಲಾರಿ. ಲಗ್ನ ಹಿಡದಾಗಿಂದ ಬೀಗರು ಗಾಡಿ ಹತ್ತೂತನ."

"ಎಲ್ಲಾ ಅಂದ್ರ ಕರಾರಿನ್ಯಾಗ ಏನೂ ಇಲ್ಲ ಅಂದಂಗ. ಒಂದೊಂದು ಹೇಳು."

ಪಾಂಡಪ್ಪ ಹೇಳುತ್ತ ಹೋದ. ಅಡುಗೆಯವರನ್ನು ಕರೆಸುವುದು, ಸಾಮಾನು ಇಳಿಸಿಕೊಳ್ಳುವುದು, ಪಂಕ್ತಿ ನೋಡುವುದು, ಮುಗಿದ ಮೇಲೆ ಭಾಂಡೆ ಪಾತ್ರೆ ಎಣಿಸಿ ತುಂಬಿಸುವುದು. ಕೇಳುತ್ತ ಕೇಳುತ್ತ ಲಗಮವ್ವನಿಗೇ ದಣಿವಾಯಿತು. ಇಷ್ಟನ್ನೂ ಸಿದ್ದಕ್ಕ ಮಾಡುತ್ತಾಳೆಂದು ಗೊತ್ತಿತ್ತು, ಸಾಲಾಗಿ ಕೇಳಿರಲಿಲ್ಲ.

"ಇನ್ನ ಮುಖ್ಯ ಮಾತು," ಎಂದ ಪಾಂಡಪ್ಪ. "ನಮ್ಮನ್ನ ಬಿಟ್ಟ ಮ್ಯಾಲೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ, ಎಲ್ಲೂ ಆಕಿ ಲಗ್ನದ ಕೆಲಸ ಹಿಡೀಬಾರದು. ಹಂಗ ಬರೀರಿ."

"ನೌಕರಿಯೊಳಗ ಇರೂತನ ಮತ್ತೊಬ್ಬರ ಕೆಲಸ ಮಾಡಬಾರದು ಅಂತ ಬರೀತೇನಿ. ಬಿಟ್ಟ ಮ್ಯಾಲ ದುಡದು ತಿನ್ನಬ್ಯಾಡ ಅಂತ ಬರದ್ರ ಕಾಯ್ದೇದಾಗ ನಿಲ್ಲೂದಿಲ್ಲ."

"ನೀವು ಬರೀರಿ. ನಿಲ್ಲಸೂದು ನಾ ನೋಡ್ಕೋತೇನಿ."

"ಕೋರ್ಟಿನ್ಯಾಗ ಅದು ಬಿದ್ದಾಗ ಮಂದಿ ನಗೂದು ನನ್ನ ನೋಡಿ, ನಿನ್ನ ನೋಡಿ ಅಲ್ಲ."

"ಭಾಂಡೆ ಕಳದ್ರ ಪಗಾರದಾಗ ಮುರಕೋತೇವಿ."

"ಮಂದಿ ಕದ್ದದ್ದಕ್ಕ ಆಕಿ ಹೊಣಿ ಅಲ್ಲ. ಬ್ಯಾರೆ ಹೇಳು. ಕೆಲಸದಿಂದ ತಗೀಬೇಕಂದ್ರ ನೀವು ಒಂದು ತಿಂಗಳು ಮೊದಲ ನೋಟೀಸು ಕೊಡಬೇಕು. ಬಿಡಬೇಕಂದ್ರ ಆಕಿನೂ ಒಂದು ತಿಂಗಳು ಮೊದಲ ಹೇಳಬೇಕು."

"ಆಕಿಗ್ಯಾಕ್ರಿ ಬಿಡೂ ಹಕ್ಕು?"

"ಯಾಕಂದ್ರ ನೀ ಮಾಡಸಾಕತ್ತಿದ್ದು ನೌಕರಿ ಕರಾರು, ಜೀತದ್ದಲ್ಲ." ವಕೀಲರು ಕನ್ನಡಕ ತೆಗೆದು ಒರೆಸಿದರು. "ಕೆಲಸದಾಗ ಪೆಟ್ಟಾದ್ರ ದವಾಖಾನಿ ಖರ್ಚು ಮಾಲಕರದು. ಜೀವಕ್ಕ ಏನರ ಆದ್ರ ಮನಿಯವರಿಗೆ ಪರಿಹಾರ."

"ಅದು ಬ್ಯಾಡ್ರಿ."

"ಬರೀರಿ," ಎಂದಳು ಲಗಮವ್ವ. ಇಬ್ಬರೂ ತಿರುಗಿ ನೋಡಿದರು. ಬೀಳಗಿಯ ಆ ಮದುವೆಯಿಂದ ಹುಲೆಪ್ಪನನ್ನು ಮಂಟಪದ ಬಟ್ಟೆಯಲ್ಲೇ ಸುತ್ತಿ ತಂದಿದ್ದರು. "ನಾ ಮಾಲಕಿ ಅಲ್ಲ? ಅದನ್ನ ಬರೀರಿ."

ವಕೀಲರು ಬರೆದುಕೊಂಡರು. ಆಮೇಲೆ ಪಾಂಡಪ್ಪನನ್ನು ಕೇಳಿದರು, "ನಿಮ್ಮಣ್ಣನ ಪಾಲು ಏನಾತು?"

"ಪಾಲು ಆಗಿಲ್ರಿ. ಒಟ್ಟಿಗೇ ಇದ್ದೇವಿ."

"ಒಟ್ಟಿಗಿದ್ದವರ ನಡಕ ನೌಕರಿ ಕರಾರು! ಇರ್ಲಿ. ಈ ಕಾಗದದಿಂದ ಆಕಿ ಪಾಲೇನೂ ಹೋಗೂದಿಲ್ಲ. ಅದು ಬ್ಯಾರೆ, ಇದು ಬ್ಯಾರೆ. ತಲ್ಯಾಗ ಇಟಗೋ."

ಪಾಂಡಪ್ಪ ಅದನ್ನು ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಒಂದನ್ನೇ ಗೊಣಗಿದ: "ಆಕಿ ಬಿಟ್ಟು ಹೋಗದಂಗ ಮಾಡಾಕ ಅಂತ ಹೋದ್ರ, ಬಿಟ್ಟು ಹೋಗೂದು ಹೆಂಗ ಅಂತ ಬರದ ಕೊಟ್ಟಾನ."

ಕರಡು ಮನೆಗೆ ಬಂದ ದಿನ ಸಿದ್ದಕ್ಕನ ಮಗಳು ಮರೆವ್ವ ಅದನ್ನು ಎಲ್ಲರೆದುರು ಓದಿದಳು. ಹುಡುಗಿ ಕಾಲೇಜಿನವಳು, ದನಿ ಸ್ಪಷ್ಟ. "ಮಾಲಕಿ ಲಗಮವ್ವ ಕೋಂ ಹೊಳೆಪ್ಪ ಇವರು, ಮದುವೆ ಮತ್ತಿತರ ಸಮಾರಂಭಗಳ ಉಸ್ತುವಾರಿ ನೌಕರಳಾದ ಸಿದ್ದಕ್ಕ ಕೋಂ ಹುಲೆಪ್ಪ ಇವರಿಗೆ..." ಇಷ್ಟು ಓದಿ ನಿಂತಳು. "ಆಯಿ, ನಮ್ಮವ್ವ ನಿನಗ ನೌಕರಳಾ?"

"ಮುಂದ ಓದು," ಎಂದಳು ಸಿದ್ದಕ್ಕ. ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಊಟದ್ದು ಬರದಿಲ್ಲಲಾ? ಆಳಿಗೆ ಊಟ ಮನ್ಯಾಗೋ, ಹೊರಗೋ?"

ಉತ್ತರ ಕರೆವ್ವನಿಗೆ ಹೊಳೆಯಿತು. "ಉಂಡ್ರ ಪಗಾರದಾಗ ಮುರಕೋರಿ. ಎರಡೆರಡು ಕಡೆ ಯಾಕ ಲಾಭ?"

"ಕರೆವ್ವಾ!" ಎಂದಳು ಲಗಮವ್ವ.

"ತಪ್ಪೇನಂದೆ ಅತ್ತೀ? ಆಕಿನ ಕೇಳಿದ್ಲು, ನಾ ಹೇಳಿದೆ."

ಲಗಮವ್ವ ಮಗನ ಮುಖ ನೋಡಿದಳು. ಛೀ ಅನ್ನುತ್ತಾನೆ ಎಂದು ಕಾದಳು. ಅವನು ಉಗುರು ಕಡಿಯುತ್ತ, "ಅದನ್ನೂ ವಕೀಲನ ಕೇಳ್ತೇನಿ" ಎಂದ.

ಅಂದು ಸಂಜೆಯೇ ಸಿದ್ದಕ್ಕ ಪೇಟೆಯಿಂದ ಒಂದು ಸ್ಟೋ ತಂದಳು. ಪಡಸಾಲೆಯ ಆಚೆ ಮೂಲೆಯಲ್ಲಿ ಇಟ್ಟು, ತನಗೂ ಮಗಳಿಗೂ ಅನ್ನ ಬೇಯಿಸಿದಳು. ಸೀಮೆಎಣ್ಣೆಯ ವಾಸನೆ ಮನೆಯ ತುಂಬ ಹರಡಿತು. ಲಗಮವ್ವ ಎರಡು ರೊಟ್ಟಿ, ಒಂದಿಷ್ಟು ಝುಣಕ ತಾಟಿನಲ್ಲಿ ಹಾಕಿ ಮೊಮ್ಮಗಳ ಕೈಯಲ್ಲಿ ಕಳಿಸಿದಳು. ತಾಟು ಹಾಗೆಯೇ ತಿರುಗಿ ಬಂತು.

"ಅವ್ವ ಬ್ಯಾಡ ಅಂದ್ಲು ಆಯಿ. ಎಲ್ಲಿ ಮುರಕೋತೀರೋ ಅಂತ."

ಮುಂದಿನ ವಾರಗಳು ಹೇಗೆ ಕಳೆದವೆಂದರೆ, ಮನೆಯಲ್ಲಿ ಮಾತಿಗಿಂತ ಪಾತ್ರೆಗಳ ಸದ್ದೇ ಹೆಚ್ಚು. ಸಿದ್ದಕ್ಕ ಮದುವೆಗಳಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಆದರೆ ಅಂಗಳ ಗುಡಿಸುವುದನ್ನು ಬಿಟ್ಟಳು, ನೀರು ತರುವುದನ್ನು ಬಿಟ್ಟಳು. ಕೇಳಿದರೆ, "ಕರಾರಿನ್ಯಾಗ ಇಲ್ಲ" ಎನ್ನುತ್ತಿದ್ದಳು. ಕರೆವ್ವ ಬೇಕೆಂದೇ ತನ್ನ ಮಕ್ಕಳ ಎಂಜಲು ತಾಟುಗಳನ್ನು ಸ್ಟೋದ ಪಕ್ಕಕ್ಕೆ ಸರಿಸುತ್ತಿದ್ದಳು. ಸಿದ್ದಕ್ಕ ಅವನ್ನು ಕಾಲಿನಿಂದ ಇತ್ತ ದೂಡುತ್ತಿದ್ದಳು. ಆ ತಾಟುಗಳನ್ನು ಎತ್ತಿ ತೊಳೆಯುತ್ತಿದ್ದವಳು ಮಾಲಕಿ.

"ನಾಚಿಕಿ ಬರೂದಿಲ್ಲೇನ ನಿಮಗ?" ಲಗಮವ್ವ ಒಂದು ದಿನ ಬಚ್ಚಲಲ್ಲಿ ಕೂತೇ ಚೀರಿದಳು. "ಓಣಿ ಮಂದಿ ನಗಾಕತ್ತೇತಿ."

"ಮಂದಿ ನಗ್ಲಿ," ಎಂದಳು ಕರೆವ್ವ ಒಳಗಿನಿಂದ.

"ನಗ್ಲಿ," ಎಂದಳು ಸಿದ್ದಕ್ಕ ಹೊರಗಿನಿಂದ. ಆ ವಾರಗಳಲ್ಲಿ ಇಬ್ಬರೂ ಒಮ್ಮತದಿಂದ ಆಡಿದ ಮಾತು ಅದೊಂದೇ.

ಬಾಂಡ್ ಪೇಪರಿನ ಮೇಲೆ ಟೈಪು ಮಾಡಿಸಿದ ಕರಾರು ಬಂದ ದಿನ ಪಾಂಡಪ್ಪ ನೆಟ್ಟಗೆ ಅಡುಗೆಮನೆಗೆ ಬಂದ. ಕೈಯಲ್ಲಿ ಶಾಯಿಯ ಡಬ್ಬಿ ಇತ್ತು. ಲಗಮವ್ವ ಹಿಟ್ಟು ನಾದುತ್ತಿದ್ದಳು.

"ಹೆಬ್ಬಟ್ಟು ತಾ ಇಲ್ಲಿ."

"ಕೈ ತೊಳಕೊಂಡು ಬರ್ತೇನಿ ತಡಿ."

"ಏನಾಗೂದಿಲ್ಲ ತಾ." ಅವನೇ ಅವಳ ಬೆರಳನ್ನು ತನ್ನ ಧೋತರಕ್ಕೆ ಒರೆಸಿ, ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿದ. ಅಂಚಿಗೆ ಜೋಳದ ಹಿಟ್ಟಿನ ಬಿಳಿ ಅಂಟಿಕೊಂಡಿತು. ಲಗಮವ್ವ ಬೇಡ ಎನ್ನಲಿಲ್ಲ. ಪಗಾರ ಅಂತ ಆದರೆ ಜಗಳ ತಣ್ಣಗಾದೀತು, ಸ್ಟೋ ಮೂಲೆಗೆ ಸೇರೀತು ಎಂದೇ ಅವಳ ಆಸೆ.

ಪಾಂಡಪ್ಪ ಕಾಗದ ಊದಿ ಒಣಗಿಸುತ್ತ ತನ್ನ ಜಾಣತನವನ್ನು ಬಿಚ್ಚಿಟ್ಟ. "ಬಿಟ್ಟ ಮ್ಯಾಲ ಕೆಲಸ ಹಿಡೀಬಾರದು ಅಂತ ವಕೀಲ ಬರೀದ ಇದ್ರ ಬಿಟ್ಟಾತು. ಬರೂ ರವಿವಾರ ಹುನ್ನೂರ ಗಂಗಾರಾಮ ಕಾಕಾನ್ನ, ನಾಕ ಮಂದಿ ಹಿರ್ಯಾರನ್ನ ಕರಸ್ತೇನಿ. ಕಂಬಳಿ ಹಾಸಿ ಆಕಿ ಕೈಯಾಗ ವೀಳ್ಯ ಕೊಡ್ತೇನಿ. ಬೀರಪ್ಪನ ಭಂಡಾರದ ಮುಂದ ವೀಳ್ಯ ಹಿಡದಾಕಿ ಹೆಂಗ ಬಿಟ್ಟು ಹೋಗ್ತಾಳ ನೋಡ್ತೇನಿ. ಕಾಯ್ದೇದಾಗ ನಿಲ್ಲಲಿಲ್ಲಂದ್ರ ದೇವರ ಮುಂದ ನಿಲ್ಲಬೇಕಲಾ?"

ಲಗಮವ್ವ ಅವನ ತೋಳು ಹಿಡಿದಳು. "ಪಾಂಡೂ, ಮನ್ಯಾಗಿನಾಕಿಗೆ ವೀಳ್ಯ..."

"ಸುಮ್ನಿರ ಬೇ."

"ಕೇಳರ ಕೇಳೋ. ನಿಮ್ಮಪ್ಪ ಒಮ್ಮೆ..."

"ಅಪ್ಪ, ಅಪ್ಪ! ಆ ವಕೀಲ ಕುರ್ಚಿ ಹಾಕಿದ ಅಂತ ಖರೇನ ಮಾಲಕಿ ಆದಿಯೇನ? ಹೆಬ್ಬಟ್ಟು ಕೊಟ್ಟಿ, ನಿನ್ನ ಕೆಲಸ ಮುಗೀತು. ರೊಟ್ಟಿ ಬಡಿ."

ಅವನು ಹೊರಟುಹೋದ. ಲಗಮವ್ವ ಹಿಟ್ಟಿನಲ್ಲಿ ಕೈಯಿಟ್ಟು ಕೂತಳು. ಹೊಟ್ಟೆಯಲ್ಲಿ ಹುಟ್ಟಿದ ಮಗ ಆಡಿದ ಮಾತು ಮೆಣಸಿನಕಾಯಿಯ ಹಾಗೆ ಉರಿಯಿತು. ಮುಗಿಯಿತಲ್ಲ, ಮುಗಿಯಲಿ, ಎಂದುಕೊಂಡಳು. ರವಿವಾರದವರೆಗೆ ಹೇಳಲು ಬೇಕಾದಷ್ಟು ಹೊತ್ತಿತ್ತು. ಅವನು ಉಣ್ಣಲು ಕೂತಾಗ ಹೇಳಬಹುದಿತ್ತು, ಮಗ್ಗುಲ ಮನೆಯವರ ಬಾಯಲ್ಲಿ ಹೇಳಿಸಬಹುದಿತ್ತು. ಅವಳು ಬಾಯಿ ಬಿಡಲಿಲ್ಲ.

ರವಿವಾರ ಪಡಸಾಲೆಯಲ್ಲಿ ಕಂಬಳಿ ಬಿತ್ತು. ಹುನ್ನೂರಿನ ಗಂಗಾರಾಮ ಹೊಳೆಪ್ಪನ ದೊಡ್ಡಪ್ಪನ ಮಗ. ತಲೆಗೆ ಕೆಂಪು ರುಮಾಲು, ಹಣೆಯ ತುಂಬ ಭಂಡಾರ. ಜೊತೆಗೆ ಬನಹಟ್ಟಿಯ ಮೂರು ನಾಲ್ಕು ಹಿರಿಯರಿದ್ದರು. ಕರೆವ್ವ ಎಲ್ಲರಿಗೂ ಚಹಾ ಕೊಟ್ಟಳು, ಸಿದ್ದಕ್ಕನನ್ನು ಬಿಟ್ಟು.

"ಮೊದಲ ಸಹಿ, ಆಮ್ಯಾಲ ವೀಳ್ಯ," ಎಂದ ಪಾಂಡಪ್ಪ.

ಸಿದ್ದಕ್ಕ ಕಾಗದವನ್ನು ಮಗಳಿಂದ ಮತ್ತೊಮ್ಮೆ ಓದಿಸಿ ಕೇಳಿದಳು. ಒಂದು ತಿಂಗಳ ನೋಟೀಸಿನ ಮಾತು ಬಂದಾಗ ತಲೆಯಾಡಿಸಿದಳು. ಹೆಬ್ಬೆಟ್ಟಿನ ಗುರುತು ನೋಡಿ, ಅಂಚಿನ ಹಿಟ್ಟನ್ನು ಉಗುರಿನಿಂದ ಕೆರೆದು, ಬಾಗಿಲಲ್ಲಿ ನಿಂತ ಅತ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಹೆಸರು ಬರೆದಳು.

ಪಾಂಡಪ್ಪ ತಾಟಿನಿಂದ ಎಲೆ ಅಡಿಕೆ ಎತ್ತಿದ. ಗಂಗಾರಾಮ ಕೈ ಅಡ್ಡ ಹಿಡಿದ. "ತಡಿಯೋ. ಯಾರಿಗೆ ಕೊಡಾಕತ್ತಿ?"

"ಈಕಿಗೆ."

"ಈಕಿ ಯಾರು? ನಿಮ್ಮಣ್ಣನ ಹೇಂತಿ ಅಂತ ಕೊಡ್ತಿಯೋ, ಹೊರಗಿನಾಕಿ ಅಂತ ಕೊಡ್ತಿಯೋ?"

ಬಾಗಿಲಲ್ಲಿ ಲಗಮವ್ವ ಸೆರಗು ಬಾಯಿಗೆ ಒತ್ತಿದಳು. ಈಗಲೂ ಒಂದು ಮಾತು ಸಾಕಿತ್ತು.

"ಪಗಾರದ ಆಳು ಅಂತ ಕೊಡ್ತೇನಿ," ಎಂದ ಪಾಂಡಪ್ಪ ಗಟ್ಟಿಯಾಗಿ. "ಕಾಗದಾನೂ ಐತಿ."

ಗಂಗಾರಾಮ ಕೈ ಹಿಂದಕ್ಕೆಳೆದ. ಸಿದ್ದಕ್ಕ ಎರಡೂ ಕೈ ಚಾಚಿ ವೀಳ್ಯ ಹಿಡಿದಳು. ಎಷ್ಟೋ ಮದುವೆಗಳನ್ನು ದಾಟಿಸಿದ ಆ ಕೈಗೆ ಬಿದ್ದ ಮೊದಲ ವೀಳ್ಯ ಅದು.

ಗಂಗಾರಾಮ ಚಿಟಿಕೆ ಭಂಡಾರ ತೆಗೆದು ಅವಳ ಕೈಮೇಲೆ ಹಾಕಿದ. "ಆತು. ಇನ್ನ ಪಾಲು ಯಾವಾಗ ಹಂಚ್ತಿ ಹೇಳು ಪಾಂಡಪ್ಪ."

"ಯಾವ ಪಾಲು?"

"ಮನಿಯಾಕಿಗೆ ಯಾರೂ ವೀಳ್ಯ ಕೊಡೂದಿಲ್ಲ. ನೀ ಕೊಟ್ಟಿ. ಆಕಿ ಬ್ಯಾರೆ ಮನಿಯಾಕಿ ಆದ್ಲು. ಬ್ಯಾರೆ ಮನಿ ಅಂದ್ರ ಹುಲೆಪ್ಪನ ಪಾಲು ಹೊರಗ ಬರಬೇಕು. ಹಂಡೆ, ಬೊಂಬು, ತಾಡಪತ್ರಿ, ಎಲ್ಲಾದ್ರಾಗೂ."

"ಆಕಿನ್ನ ಕಟ್ಟಿ ಹಾಕಾಕ ವೀಳ್ಯ ಕೊಟ್ಟೇನಿ ನಾ!"

"ಕಟ್ಟಿ ಹಾಕಾಕ ದಾರ ಕೊಡಬೇಕಿತ್ತು. ನೀ ವೀಳ್ಯ ಕೊಟ್ಟಿ." ಉಳಿದ ಹಿರಿಯರೂ ಹೌದೆಂದರು.

ಪಾಂಡಪ್ಪ ಕರಾರಿನ ಕಾಗದ ಎತ್ತಿ ಝಾಡಿಸಿದ. "ಇದರಾಗ ಸಹಿ ಮಾಡ್ಯಾಳ! ನೌಕರಿ ಮಾಡಬೇಕು!"

"ಮಾಡ್ತೇನಿ," ಎಂದಳು ಸಿದ್ದಕ್ಕ. ದನಿ ಏರಿರಲಿಲ್ಲ. "ಒಂದು ತಿಂಗಳ ಮಾಡ್ತೇನಿ. ಹಿರ್ಯಾರ ಮುಂದ ನೋಟೀಸು ಕೊಡಾಕತ್ತೇನಿ, ಮರೆವ್ವ ಬರದೂ ಕೊಡ್ತಾಳ. ಹಿಡದ ಲಗ್ನ ಎಲ್ಲಾ ಮುಗಿಸಿ ಹೋಗ್ತೇನಿ. ಆ ಕಾಗದ ಹರೀಬ್ಯಾಡ, ಪಗಾರ ಕೇಳಾಕ ಬೇಕು."

ಪಾಂಡಪ್ಪ ತಾಯಿಯ ಕಡೆ ತಿರುಗಿದ. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದು ಅವನಿಗೂ ಕಂಡಿತು. "ನಿನಗ ಗೊತ್ತಿತ್ತೇನ ಬೇ?"

"ಗೊತ್ತಿತ್ತು."

"ಬಾಯಿ ಬಿಡಾಕ ಏನಾಗಿತ್ತು?"

"ಬಿಟ್ಟಿದ್ದೆ. ನಿನ್ನ ಕೆಲಸ ಮುಗೀತು, ರೊಟ್ಟಿ ಬಡಿ ಅಂದಿ. ಬಡದೆ."

ಸಿದ್ದಕ್ಕ ಹೇಳಿದಂತೆಯೇ ಆ ತಿಂಗಳು ದುಡಿದಳು. ಒಂದು ಮದುವೆಯಲ್ಲೂ ಒಂದು ತಪ್ಪಿಲ್ಲ, ಮನೆಯಲ್ಲಿ ಒಂದು ಮಾತಿಲ್ಲ. ಹಿರಿಯರು ನಿಂತು ಹಂಡೆ ಬೋಗುಣಿ ಹಂಚಿದರು. ಅವಳು ತನ್ನ ಪಾಲನ್ನು ಗಾಡಿಗೆ ಹೇರಿಕೊಂಡು, ರಬಕವಿಯಲ್ಲಿ ರಾಚಪ್ಪನ ಕಾರ್ಯಾಲಯದ ಹಿಂದಿನ ಖೋಲಿಗೆ ಹೋದಳು. ರಾಚಪ್ಪನ ನೌಕರಿಯನ್ನೂ ಬಾಯಿ ಮಾತಿಗೆ ಒಪ್ಪಲಿಲ್ಲ. ಶಿದ್ರಾಮಪ್ಪ ವಕೀಲರ ಕರಾರನ್ನೇ ಮಗಳ ಕೈಯಲ್ಲಿ ನಕಲು ಮಾಡಿಸಿ ಅವನ ಮುಂದಿಟ್ಟಳು. ಅದರಲ್ಲಿ ಒಂದು ಮಾತು ಹೆಚ್ಚಿಗೆ ಸೇರಿಸಿದ್ದಳು: ಊಟ ಪಗಾರದ ಹೊರಗೆ.

ಇತ್ತ ಮಂಟಪದವರ ಮನೆಗೆ ವೀಳ್ಯ ತಂದವರು, "ಸಿದ್ದಕ್ಕ ಬರ್ತಾಳಲಾ?" ಎಂದು ಕೇಳಿ, ಇಲ್ಲವೆಂದರೆ ಎಲೆಗಳನ್ನು ತಿರುಗಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಪಾಂಡಪ್ಪ ತಾಯಿಯ ಜೊತೆ ಮಾತು ಬಿಟ್ಟ. ಕರೆವ್ವ ಬಿಡಲಿಲ್ಲ. ಒಂದು ಮಧ್ಯಾಹ್ನ ತಾಟು ಕುಕ್ಕಿ ಎಂದಳು, "ಮನಿ ಮುರದಾಕಿಗೆ ರೊಟ್ಟಿ ಬ್ಯಾರೆ ಕೇಡು."

ಲಗಮವ್ವ ಆ ರೊಟ್ಟಿ ಮುಟ್ಟಲಿಲ್ಲ. ಸೆರಗು ಹೊದ್ದು, ರಬಕವಿಯ ಹಾದಿ ಹಿಡಿದು ನಡೆದಳು. ದಾರಿಯುದ್ದಕ್ಕೂ ಮಗ್ಗಗಳ ಖಟಖಟ. ಎದೆಯಲ್ಲಿ ಒಂದು ಧೈರ್ಯವಿತ್ತು: ಅವಳ ಸಲುವಾಗಿ ನಾನು ಬಾಯಿ ಮುಚ್ಚಿದೆ, ಅವಳು ನನಗೆ ಬಾಗಿಲು ಮುಚ್ಚಲಿಕ್ಕಿಲ್ಲ.

ಬಾಗಿಲು ಮುಚ್ಚಲಿಲ್ಲ. ಸಿದ್ದಕ್ಕ ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, ಬಿಸಿ ಅನ್ನಕ್ಕೆ ಸಾರು ಬಡಿಸಿದಳು. ಅತ್ತೆ ಉಣ್ಣುವವರೆಗೂ ಎದುರಿಗೆ ಕೂತಳು.

"ನಾ ಇಲ್ಲೇ ಇರ್ತೇನಿ ಸಿದ್ದಕ್ಕ," ಎಂದಳು ಲಗಮವ್ವ ಕೈ ತೊಳೆದು. "ಅಲ್ಲಿ ಇರಾಕ ಆಗೂದಿಲ್ಲ. ನಿನ್ನ ಸಲುವಾಗಿ ಅವತ್ತ ಸುಮ್ನಿದ್ದೆ."

"ನನ್ನ ಸಲುವಾಗಿ?" ಸಿದ್ದಕ್ಕ ನಕ್ಕಳು, ಆ ನಗೆ ಕೇಳಿ ಮರೆವ್ವ ಪುಸ್ತಕ ಕೆಳಗಿಟ್ಟಳು. "ಮಗ ಬೈದ ಸಿಟ್ಟಿಗೆ ಸುಮ್ನಿದ್ರಿ ಅತ್ತೀ. ಹೆಬ್ಬಟ್ಟು ಒತ್ತಿ ನನ್ನ ಆಳು ಮಾಡಿದಾಗ ನಿಮ್ಮನ್ನ ಯಾರೂ ಬೈದಿರಲಿಲ್ಲ. ಅವತ್ತೂ ಸುಮ್ನ ಇದ್ರಿ. ನನ್ನ ಹುಡುಗಿ ಪುಸ್ತಕಕ್ಕ ಕೈ ಒಡ್ಡಿ ನಿಂತಾಗ ಒಲಿ ಮುಂದ ಯಾರಿದ್ರು? ಅವಾಗೂ ಸುಮ್ನ ಇದ್ರಿ."

ಇಲ್ಲ ಎನ್ನುವಂಥದು ಅದರಲ್ಲಿ ಒಂದೂ ಇರಲಿಲ್ಲ.

ಸಿದ್ದಕ್ಕ ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ತಾಟಿತ್ತು, ತಾಟಿನಲ್ಲಿ ಎಲೆ ಅಡಿಕೆ.

"ಬರೂ ಸೋಮವಾರ ಕಾರ್ಯಾಲಯದಾಗ ಲಗ್ನ ಐತಿ. ನಿಮ್ಮಂಥ ಹುಗ್ಗಿ ಯಾರಿಗೂ ಬರೂದಿಲ್ಲ. ಹಿಡೀರಿ. ಇರಾಕ ಅಡಗಿಯವರ ಖೋಲಿ ಐತಿ, ಊಟ ಪಗಾರದ ಹೊರಗ."

"ಯವ್ವಾ," ಎಂದಳು ಮರೆವ್ವ, "ಆಯಿಗೆ ವೀಳ್ಯ ಕೊಡ್ತಿ?"

ಸಿದ್ದಕ್ಕನ ಕೈ ಹಿಂದೆ ಸರಿಯಲಿಲ್ಲ. ಲಗಮವ್ವ ಆ ಎಲೆಗಳನ್ನು ನೋಡಿದಳು. ಹಿಂದೆ ಒಮ್ಮೆ ಹೀಗೆಯೇ ಎದುರಿಗೆ ಬಂದ ಎಲೆಯನ್ನು ಹೊಡೆದು ಕೆಡವಲು ಹೊಳೆಪ್ಪ ಇದ್ದ. ಈಗ ಯಾರೂ ಇರಲಿಲ್ಲ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ವೀಳ್ಯ ಹಿಡಿದಳು.

"ಸೋಮವಾರ ಎಷ್ಟೊತ್ತಿಗೆ ಬರ್ಲಿರಿ?" ಎಂದು ಸೊಸೆಯನ್ನು ಕೇಳಿದಳು.